ಬಳ್ಳಾರಿಯ ರಾಘವಾಚಾರ್ಯರೂ ಪ್ರತಿನಾಯಕ ಪಾತ್ರವೂ

ಕನ್ನಡ ನಾಟಕದ ಚರಿತ್ರೆಯನ್ನು ಪಾಠ ಹೇಳುವ ನಾವೆಲ್ಲರೂ ಬಳ್ಳಾರಿಯ ಪ್ರಸ್ತಾವ ಬಂದಾಗ ಒಂದೆರಡು ಮಾತುಗಳನ್ನಾಡಿ ಮುಂದಕ್ಕೆ ಹೋಗುವುದು ವಾಡಿಕೆಯಾಗಿಬಿಟ್ಟಿದೆ. ಬಳ್ಳಾರಿಯಲ್ಲಿ ರಾಘವಾಚಾರ್ಯರೆಂಬ ವಕೀಲರೊಬ್ಬರಿದ್ದರು. ಅವರು ತೆಲುಗು, ಕನ್ನಡ, ಹಿಂದಿ, ಇಂಗ್ಲಿಷ್ ಭಾಷೆಗಳ ನಾಟಕಗಳಲ್ಲಿ ನಟಿಸಿ ಪ್ರಸಿದ್ಧರಾದರು. ಮಹನೀಯರು ಅವರನ್ನು ಕೊಂಡಾಡಿದರು. ಇಷ್ಟಕ್ಕೆ ವಿಷಯವು ಮುಗಿಯುವುದು. ತೆಲುಗಿನ ವಿದ್ವಾಂಸರು ಅವರನ್ನು ತಮ್ಮ ರಂಗಭೂಮಿಯ ಶಿಖರಪ್ರಾಯರೆಂದೆಣಿಸಿ ವಿಸ್ತಾರವಾಗಿ ಬರೆದಿರುವುದರಿಂದ, ಆ ಹೊಣೆಯು ಅವರದೇ ಎಂದು ನಾವು ಸುಮ್ಮನಾಗಿರುವಂತೆ ತೋರುತ್ತದೆ. ಅವರ ನಟನೆಯ ಸ್ವರೂಪವೇನು, ಅದಕ್ಕೂ ನಮ್ಮ ಕಾವ್ಯಪರಂಪರೆಗೂ ಸಂಬಂಧವುಂಟೇ, ಅವರು ತಮ್ಮ ಜೀವಿತದ ಕೊನೆಯ ಭಾಗದಲ್ಲಿ ಚಲನಚಿತ್ರದಲ್ಲಿ ಮಾಡಿದ ಕೆಲಸವನ್ನು ಹೇಗೆ ತಿಳಿಯಬೇಕು ಎಂಬ ಪ್ರಶ್ನೆಗಳನ್ನು ಕನ್ನಡದಲ್ಲಿ ಎತ್ತಿದವರು ಕಡಿಮೆ. ಅವುಗಳನ್ನು ಅಲಂಕಾರಶಾಸ್ತ್ರದ ಪರಿಭಾಷೆಯ ಸಹಾಯದಿಂದ ವಿಚಾರಮಾಡುವುದು ಈ ಲೇಖನದ ಉದ್ದೇಶ.

ಮೊದಲು ಒಂದು ತೊಡಕನ್ನು ನಿವೇದಿಸಬೇಕು. ಕವಿಯ ಕೃತಿಯು ಓಲೆಯಲ್ಲಿಯೋ ಕಾಗದದಲ್ಲಿಯೋ ಉಳಿಯುತ್ತದೆ. ಶಿಲ್ಪಿಯ ಕೃತಿಯು ಕಲ್ಲಿನಲ್ಲಿ ಉಳಿಯುತ್ತದೆ. ಬಳ್ಳಾರಿಗೆ ಸಮೀಪದ ಕುರುಗೋಡಿಗೆ ಹೋದವರು ಸಿಂದ ಅರಸರ ಕಾಲದ ಗುಡಿಗಳನ್ನು ಇಂದಿಗೂ ಕಣ್ಣಾರೆ ನೋಡಬಹುದು. ನಟನ ಕೃತಿಯಾದರೋ ಅವನ ದೇಹದೊಡನೆಯೇ ಹೋಗಿಬಿಡುವುದು. ಉಳಿಯುವುದೆಂದರೆ ನೋಡಿದವರ ಹೊಗಳಿಕೆ. ರಾಘವಾಚಾರ್ಯರ ವಿಷಯದಲ್ಲಿ ಈ ಹೊಗಳಿಕೆಯು ಬಹಳವಾಗಿ ಬೆಳೆದಿದೆ. 1927ರಲ್ಲಿ ಮಹಾತ್ಮ ಗಾಂಧಿಯವರು ವಿಶ್ರಾಂತಿಗಾಗಿ ನಂದಿಬೆಟ್ಟದಲ್ಲಿದ್ದಾಗ ಇವರ ‘ದೀನಬಂಧು ಕಬೀರ’ ನಾಟಕವನ್ನು ನೋಡಿ ಮೆಚ್ಚಿದರೆಂದು ಹೇಳುವರು. 1928ರಲ್ಲಿ ಇಂಗ್ಲೆಂಡಿಗೆ ಹೋದಾಗ ಬರ್ನಾರ್ಡ್ ಷಾ ಅವರನ್ನು ಕಂಡರೆಂದೂ ಷಾ ಇವರನ್ನು ಹೊಗಳಿದರೆಂದೂ ಹೇಳುವರು. ಷಾ ಆಡಿದರೆನ್ನುವ ಮಾತಿಗೆ ಹೇಳುವವರೊಬ್ಬೊಬ್ಬರ ಬಾಯಲ್ಲಿ ಒಂದೊಂದು ಪಾಠಾಂತರವುಂಟು. ಹಸ್ತಪ್ರತಿಗಳನ್ನು ಶೋಧಿಸಿ ಅಭ್ಯಾಸವುಳ್ಳವರಿಗೆ ಇದರ ಅರ್ಥವನ್ನು ಬಿಡಿಸಿ ಹೇಳಬೇಕಾದುದಿಲ್ಲ. ಇಂತಹ ಮಾತುಗಳು ನಿಜವಾಗಿದ್ದರೂ ಅವುಗಳಿಂದ ನಟನ ಕೀರ್ತಿಯು ತಿಳಿಯುವುದೇ ಹೊರತು ಕಲೆಯು ತಿಳಿಯುವುದಿಲ್ಲ. ಆದುದರಿಂದ ಅವುಗಳನ್ನು ಬದಿಗಿಟ್ಟು, ಸಂಶಯಕ್ಕೆ ಎಡೆಯಿಲ್ಲದ ಒಂದು ಸಾಕ್ಷ್ಯವನ್ನು ಹಿಡಿಯುತ್ತೇನೆ: ಅವರು ಯಾವ ಯಾವ ಪಾತ್ರಗಳಿಂದ ಹೆಸರಾದರು ಎಂಬುದೇ ಆ ಸಾಕ್ಷ್ಯ.

ಆ ಪಾತ್ರಗಳನ್ನು ಒಟ್ಟಿಗೆ ಇಟ್ಟು ನೋಡಿದರೆ ಒಂದು ಸಂಗತಿಯು ತಾನಾಗಿಯೇ ಎದ್ದುಕಾಣುತ್ತದೆ. ದುರ್ಯೋಧನ, ಹಿರಣ್ಯಕಶಿಪು, ವಿಜಯನಗರದ ಪತನವನ್ನು ಕುರಿತ ‘ರಾಮರಾಜು’ ನಾಟಕದ ಪಠಾಣ, ಷೇಕ್ಸ್‌ಪಿಯರನ ಷೈಲಾಕ್. ಹರಿಶ್ಚಂದ್ರ, ಕಬೀರ ಮೊದಲಾದ ಸಾತ್ತ್ವಿಕ ನಾಯಕರ ಪಾತ್ರಗಳನ್ನೂ ಅವರು ಧರಿಸಿದುದುಂಟು. ಆದರೆ ಪ್ರೇಕ್ಷಕರು ಮರೆಯದೆ ಉಳಿಸಿಕೊಂಡವುಗಳಲ್ಲಿ ಹೆಚ್ಚಿನವು ನಾಯಕನಿಗೆ ಎದುರಾಗಿ ನಿಲ್ಲುವ ಪುರುಷನವು. ನಮ್ಮ ಶಾಸ್ತ್ರದಲ್ಲಿ ಅವನಿಗೆ ಪ್ರತಿನಾಯಕನೆಂದು ಹೆಸರು.

ಈ ನಟರು ಎಲ್ಲಿಂದ ಬಂದರೆಂಬುದನ್ನು ಸ್ವಲ್ಪ ಹೇಳಿ ಆಮೇಲೆ ಪ್ರತಿನಾಯಕನ ವಿಚಾರಕ್ಕೆ ಬರುವೆನು. ತಾಡಿಪತ್ರಿಯಲ್ಲಿ 1880ರಲ್ಲಿ ಹುಟ್ಟಿದ ರಾಘವಾಚಾರ್ಯರು ಬೆಳೆದುದೂ ಬಾಳಿದುದೂ ಬಳ್ಳಾರಿಯಲ್ಲಿ. ಅವರ ಸೋದರಮಾವಂದಿರು ಧರ್ಮವರಂ ಕೃಷ್ಣಮಾಚಾರ್ಯರು (1853-1912). ವೃತ್ತಿಯಿಂದ ವಕೀಲರು, ಪ್ರವೃತ್ತಿಯಿಂದ ನಾಟಕಕಾರರು. ತೆಲುಗಿನವರು ಅವರಿಗೆ ನಾಟಕಪಿತಾಮಹರೆಂಬ ಬಿರುದನ್ನು ಕೊಟ್ಟಿರುವರು. ಅವರು ಬಳ್ಳಾರಿಯಲ್ಲಿ ಸ್ಥಾಪಿಸಿದ ಸರಸವಿನೋದಿನೀ ಸಭೆಯು 1891ರಲ್ಲಿ ಮದರಾಸಿಗೆ ಹೋಗಿ ನಾಟಕಗಳನ್ನು ಆಡಿತು. ಅದನ್ನು ನೋಡಿದ ಹದಿನೆಂಟು ವರ್ಷದ ತರುಣ ಪಮ್ಮಲ್ ಸಂಬಂಧ ಮೊದಲಿಯಾರರು ಅದೇ ವರ್ಷ ಸುಗುಣವಿಲಾಸ ಸಭೆಯನ್ನು ಕಟ್ಟಿದರು. ತಮಿಳಿನ ಹವ್ಯಾಸಿ ರಂಗಭೂಮಿಯು ಹುಟ್ಟಿದುದು ಹೀಗೆ, ಬಳ್ಳಾರಿಯವರ ನಾಟಕವನ್ನು ನೋಡಿ. ಇದನ್ನು ನಮ್ಮ ಊರಿನ ವಿದ್ಯಾರ್ಥಿಗಳಿಗೆ ಹೇಳಿದಾಗ ಅವರು ನಂಬುವುದಿಲ್ಲ. ಬಳ್ಳಾರಿಯೆಂದರೆ ಅದಿರು, ಧೂಳು, ಬಿಸಿಲು ಎಂದಷ್ಟೇ ಅವರು ಕೇಳಿ ಬಲ್ಲರು.

ಅದೇ ಊರಿನ ಇನ್ನೊಬ್ಬ ವಕೀಲರು ಕೋಲಾಚಲಂ ಶ್ರೀನಿವಾಸರಾಯರು (1854-1919). ಇವರ ಸಭೆಗೆ ಸುಮನೋರಮಾ ಎಂದು ಹೆಸರು. ಕೃಷ್ಣಮಾಚಾರ್ಯರಿಗೆ ಪುರಾಣ ಕಥೆಗಳಲ್ಲಿಯೂ ಹಾಡು ಪದ್ಯಗಳಲ್ಲಿಯೂ ಒಲವಾದರೆ, ಶ್ರೀನಿವಾಸರಾಯರಿಗೆ ಇತಿಹಾಸದಲ್ಲಿ ಒಲವು. ಜಗತ್ತಿನ ನಾಟಕಚರಿತ್ರೆಯನ್ನು ಕುರಿತು ಇಂಗ್ಲಿಷಿನಲ್ಲಿ ಗ್ರಂಥವನ್ನೇ ಬರೆದ ಪಂಡಿತರವರು. ರಾಮರಾಜನ ಕಥೆಯನ್ನು ನಾಟಕಮಾಡಿದವರೂ ಅವರೇ. ಹಂಪೆಯ ಅವಶೇಷಗಳು ಆಗಿನ ಬಳ್ಳಾರಿ ಜಿಲ್ಲೆಯೊಳಗೇ ಇದ್ದುವಾದುದರಿಂದ, 1565ರ ಪತನದ ಕಥೆಯು ಅಲ್ಲಿನ ಪ್ರೇಕ್ಷಕರಿಗೆ ಮನೆಯ ಹಿತ್ತಿಲಿನ ಕಥೆಯಾಗಿತ್ತು. ಈ ಎರಡು ಸಭೆಗಳ ನಡುವೆ ಬೆಳೆದ ರಾಘವಾಚಾರ್ಯರು ಮದರಾಸಿನಲ್ಲಿ ಕಾನೂನನ್ನು ಓದಿ ಬಂದು ವಕೀಲಿ ಹಿಡಿದರು; ಸರಕಾರಿ ಅಭಿಯೋಜಕರೂ ಆದರು; 1933ರಲ್ಲಿ ರಾವ್ ಬಹಾದೂರ್ ಬಿರುದನ್ನು ಪಡೆದರು. ಬೆಂಗಳೂರಿನಲ್ಲಿ 1909ರಲ್ಲಿ ಸ್ಥಾಪಿತವಾದ ಅಮೆಚೂರ್ ಡ್ರಮ್ಯಾಟಿಕ್ ಅಸೋಸಿಯೇಷನ್ನಿನೊಡನೆಯೂ ಅವರಿಗೆ ನಿಕಟವಾದ ನಂಟು ಬೆಳೆಯಿತು. ನಾಟಕವು ಅವರಿಗೆ ಜೀವನೋಪಾಯವಾಗಿರಲಿಲ್ಲ. ಹೊಟ್ಟೆಪಾಡಿಗೆ ನ್ಯಾಯಸ್ಥಾನವಿತ್ತು. ಟಿಕೇಟು ಮಾರುವ ಚಿಂತೆಯಿಲ್ಲದ ನಟನಿಗೆ ಮಾತ್ರ ಸಾಧ್ಯವಾಗುವ ಸ್ವಾತಂತ್ರ್ಯವು ಅವರಿಗೆ ದೊರೆತಿತ್ತೆಂಬುದನ್ನು ಮುಂದಿನ ವಿಚಾರದಲ್ಲಿ ನೆನಪಿಡಬೇಕು.

ಇನ್ನು ಪ್ರತಿನಾಯಕನ ಲಕ್ಷಣ. ‘ದಶರೂಪಕ’ವನ್ನು ಬರೆದ ಧನಂಜಯನು ಇವನಿಗೆ ಹೇಳುವ ಗುಣಗಳು ಲೋಭ, ಔದ್ಧತ್ಯ, ಹಟ, ಪಾಪ, ವ್ಯಸನ ಇವು. ನಾಯಕನ ಶತ್ರು ಎಂಬುದೇ ಅವನ ಮುಖ್ಯ ಪರಿಚಯ. ಉದಾಹರಣೆಗೆ ರಾಮನಿಗೆ ರಾವಣನನ್ನೂ ಯುಧಿಷ್ಠಿರನಿಗೆ ದುರ್ಯೋಧನನನ್ನೂ ತೋರಿಸಿರುವುದುಂಟು. ನಾಯಕನಿಗಾದರೋ ಧೀರೋದಾತ್ತ, ಧೀರಲಲಿತ, ಧೀರಶಾಂತ, ಧೀರೋದ್ಧತ ಎಂದು ನಾಲ್ಕು ಬಗೆ. ಒಂದೊಂದಕ್ಕೂ ವಿಸ್ತಾರವಾದ ನಿರೂಪಣೆ. ಪ್ರತಿನಾಯಕನಿಗೆ ಅರ್ಧ ಶ್ಲೋಕ. ನಾನು ಪಾಠಶಾಲೆಯಲ್ಲಿ ಇದನ್ನು ಓದುತ್ತಿದ್ದಾಗ ಈ ಪಕ್ಷಪಾತವು ನನಗೆ ಹೊಳೆದಿರಲಿಲ್ಲ. ನಮಗೆ ದಶರೂಪಕವನ್ನು ಬಾಯಿಪಾಠ ಮಾಡಿಸಿದ ಗುರುಗಳು ತಮ್ಮ ಜೀವಮಾನದಲ್ಲಿ ಒಂದು ನಾಟಕವನ್ನಾದರೂ ನೋಡಿದವರಲ್ಲ. ನೋಡುವುದು ವಿದ್ವಾಂಸರಿಗೆ ತಕ್ಕುದಲ್ಲವೆಂಬುದು ಅವರ ಅಭಿಪ್ರಾಯವಾಗಿತ್ತು. ರಜೆಯಲ್ಲಿ ಸಿರುಗುಪ್ಪದ ಕಡೆಯ ನಮ್ಮ ಹಳ್ಳಿಗೆ ಬಂದಾಗ ಬಯಲಾಟವನ್ನು ಕದ್ದು ನೋಡಿದ ನಮಗೆ, ಕಟ್ಟಿದ ಅಟ್ಟದ ಮೇಲೆ ಕಾಣುತ್ತಿದ್ದ ಕೌರವನೇ ಬೇರೆ, ಪುಸ್ತಕದ ಪ್ರತಿನಾಯಕನೇ ಬೇರೆಯಾಗಿದ್ದನು.

ಧನಂಜಯನಿದ್ದುದು ಧಾರೆಯ ಮುಂಜರಾಜನ ಆಸ್ಥಾನದಲ್ಲಿ, ಹತ್ತನೆಯ ಶತಮಾನದ ಕೊನೆಯ ಭಾಗದಲ್ಲಿ. ಈ ಮುಂಜನನ್ನು ಯುದ್ಧದಲ್ಲಿ ಸೆರೆಹಿಡಿದು ಕೊಲ್ಲಿಸಿದವನು ಚಾಲುಕ್ಯ ಚಕ್ರವರ್ತಿ ತೈಲಪನು. ಆ ತೈಲಪನ ಆಸ್ಥಾನದಲ್ಲಿ ಕವಿಚಕ್ರವರ್ತಿಯೆನಿಸಿದ್ದವನು ರನ್ನನು. ತೈಲಪನ ಮಗ ಸತ್ಯಾಶ್ರಯನನ್ನು ಭೀಮನೊಡನೆ ಸಮೀಕರಿಸಿ ಅವನು ರಚಿಸಿದ ಕಾವ್ಯವೇ ‘ಸಾಹಸಭೀಮವಿಜಯ’, ಎಂದರೆ ‘ಗದಾಯುದ್ಧ’. ಒಂದೇ ಕಾಲದಲ್ಲಿ, ಒಬ್ಬರಿಗೊಬ್ಬರು ಶತ್ರುಗಳಾದ ಎರಡು ಆಸ್ಥಾನಗಳಲ್ಲಿ, ಒಬ್ಬ ಶಾಸ್ತ್ರಕಾರನು ಪ್ರತಿನಾಯಕನನ್ನು ಪಾಪಿಯೆಂದು ಅರ್ಧ ಶ್ಲೋಕದಲ್ಲಿ ಮುಗಿಸುತ್ತಿದ್ದಾನೆ. ಒಬ್ಬ ಕವಿಯು ಅದೇ ಪ್ರತಿನಾಯಕನನ್ನು ಹೆಣಗಳ ನಡುವೆ ನಡೆಯಿಸಿ, ದ್ರೋಣನನ್ನು, ದುಶ್ಶಾಸನನನ್ನು, ಕರ್ಣನನ್ನು ಕಂಡು ಕಂಡು ಅಳಿಸಿ, ಓದುವವರ ಎದೆಯನ್ನು ಕಲಕುತ್ತಿದ್ದಾನೆ. ಕಾವ್ಯದ ಹೆಸರು ಭೀಮನದು, ರಸವು ದುರ್ಯೋಧನನದು. ಆಶ್ರಯದಾತನನ್ನು ಭೀಮನಾಗಿ ಹೊಗಳುವ ಹೊಣೆಯನ್ನು ಹೊತ್ತ ಕವಿಯೇ ಹೀಗೆ ಮಾಡಿದನೆಂಬುದು ಗಮನಿಸತಕ್ಕದ್ದು.

ಸಂಸ್ಕೃತದಲ್ಲಿ ಇದಕ್ಕೆ ಪೂರ್ವನಿದರ್ಶನವಿಲ್ಲವೆಂದಲ್ಲ. ತಿರುವನಂತಪುರದ ಗಣಪತಿ ಶಾಸ್ತ್ರಿಗಳು ಭಾಸನದೆಂದು ಪ್ರಕಟಿಸಿದ ನಾಟಕಗಳಲ್ಲಿ ‘ಊರುಭಂಗ’ದ ದುರ್ಯೋಧನನು ಅಂತಹ ಪುರುಷನೇ, ರಂಗದ ಮೇಲೆ ಮರಣವನ್ನು ತೋರಿಸಬಾರದೆಂಬ ನಿಯಮವನ್ನು ಮೀರಿ ಆ ನಾಟಕದಲ್ಲಿ ಅವನು ಪ್ರೇಕ್ಷಕರ ಕಣ್ಣೆದುರಿಗೇ ಪ್ರಾಣಬಿಡುತ್ತಾನೆ. ಆದರೆ ಆ ನಾಟಕವು ಅಚ್ಚಾಗಿ ವಿದ್ವಾಂಸರಿಗೆ ದೊರೆತುದು 1912ರಲ್ಲಿ. ಅಲ್ಲಿಯವರೆಗೆ ಭಟ್ಟನಾರಾಯಣನ ‘ವೇಣೀಸಂಹಾರ’ವೇ ಸಂಸ್ಕೃತ ಪಂಡಿತರಿಗೆ ಪರಿಚಿತವಾದ ದುರ್ಯೋಧನನನ್ನು ಕೊಡುತ್ತಿತ್ತು. ಕನ್ನಡದಲ್ಲಿ ಬಿ. ಎಂ. ಶ್ರೀಕಂಠಯ್ಯನವರು ರನ್ನನ ಕಾವ್ಯದಿಂದಲೇ ‘ಗದಾಯುದ್ಧ ನಾಟಕಂ’ ಎಂಬ ರೂಪಕವನ್ನು 1926ರಲ್ಲಿ ಸಿದ್ಧಪಡಿಸಿ, ಗ್ರೀಕರ ದುರಂತನಾಟಕದ ಕಣ್ಣಿನಿಂದ ದುರ್ಯೋಧನನನ್ನು ನೋಡಬಹುದೆಂದು ತೋರಿಸಿದರು. ಅದೇ 1926ರಲ್ಲಿ ಬಳ್ಳಾರಿಯಲ್ಲಿ ಫ. ಗು. ಹಳಕಟ್ಟಿಯವರ ಅಧ್ಯಕ್ಷತೆಯಲ್ಲಿ ಕನ್ನಡ ಸಾಹಿತ್ಯ ಸಮ್ಮೇಳನವು ಕೂಡಿತು. ಆ ಹೊತ್ತಿಗೆ ಆ ಊರಿನ ರಾಘವಾಚಾರ್ಯರು ರಂಗದ ಮೇಲೆ ಪ್ರತಿನಾಯಕರನ್ನು ಅಭಿನಯಿಸಿ ಹೆಸರುಪಡೆದಿದ್ದರು. ಇವರು ಶ್ರೀಯವರಿಂದ ಕಲಿತರೆಂದಾಗಲಿ ಅವರು ಇವರಿಂದ ಕಲಿತರೆಂದಾಗಲಿ ನಾನು ಹೇಳಲಾರೆ. ಪುಸ್ತಕದಲ್ಲಿ ಒಬ್ಬರು, ರಂಗದಲ್ಲಿ ಒಬ್ಬರು, ಒಂದೇ ದಶಕದಲ್ಲಿ ಒಂದೇ ಕಡೆಗೆ ಹೆಜ್ಜೆಯಿಟ್ಟರೆಂಬುದಷ್ಟು ನಿಶ್ಚಯ.

ಹಾಗಾದರೆ ರಂಗದಲ್ಲಿ ಅವರು ಮಾಡಿದುದೇನು? ಅವರ ನಟನೆಯನ್ನು ಕುರಿತು ಬರೆದವರಲ್ಲಿ ಒಮ್ಮತವಾಗಿ ದೊರೆಯುವ ಅಂಶವೊಂದೇ: ಅವರು ಪದ್ಯಗಳನ್ನು ರಾಗವಾಗಿ ಎಳೆದು ಹಾಡುವುದನ್ನು ಬಿಟ್ಟು ಮಾತನ್ನು ಮಾತಿನಂತೆ ಆಡಿದರು. ಇಂದಿನವರಿಗೆ ಇದು ಸಣ್ಣ ಸಂಗತಿಯಾಗಿ ಕಾಣಬಹುದು. ಆಗಿನ ಸಂಪ್ರದಾಯವನ್ನು ನೆನೆಸಿಕೊಂಡರೆ ಅದರ ತೂಕವು ತಿಳಿಯುವುದು. ಯುದ್ಧಕ್ಕೆ ಹೊರಟ ಅರಸನೂ, ಮಗನ ಶವವನ್ನು ತೊಡೆಯ ಮೇಲಿಟ್ಟುಕೊಂಡ ತಾಯಿಯೂ, ಹಾರ್ಮೋನಿಯಮಿನ ಶ್ರುತಿಗೆ ಕಾದು ನಿಂತು ರಾಗಾಲಾಪನೆಯನ್ನು ಮಾಡುವರು. ಪ್ರೇಕ್ಷಕರು ‘ಒನ್ಸ್ ಮೋರ್’ ಎಂದು ಕೂಗಿದರೆ ಸತ್ತವನು ಎದ್ದು ಮತ್ತೊಮ್ಮೆ ಹಾಡಿ ಮತ್ತೆ ಸಾಯುವನು. ಈ ಪದ್ಧತಿಯನ್ನು ತೆಲುಗು ನಾಟಕಕ್ಕೆ ತಂದವರಲ್ಲಿ ಅಗ್ರಗಣ್ಯರು ಅವರ ಸ್ವಂತ ಸೋದರಮಾವಂದಿರೇ. ಮಾವನು ಕಟ್ಟಿದ ಮನೆಯಲ್ಲಿ ಬೆಳೆದು, ಅವರ ‘ಪ್ರಹ್ಲಾದ’ ನಾಟಕದ ಹಿರಣ್ಯಕಶಿಪುವಾಗಿಯೇ ಹೆಸರನ್ನು ಪಡೆದು, ಆ ಮನೆಯ ಮುಖ್ಯವಾದ ಅಲಂಕಾರವನ್ನೇ ಅಳಿಯನು ಕೈಬಿಟ್ಟನೆಂದು ಹೇಳಬೇಕಾಗಿದೆ. ಹವ್ಯಾಸಿಯ ಸ್ವಾತಂತ್ರ್ಯವೆಂದು ಹಿಂದೆ ಸೂಚಿಸಿದುದು ಇದನ್ನೇ. ಹಾಡಿಗಾಗಿ ಹಣ ಕೊಟ್ಟ ಪ್ರೇಕ್ಷಕನಿಗೆ ಹಾಡಿಲ್ಲದ ನಾಟಕವನ್ನು ತೋರಿಸುವ ಧೈರ್ಯವು ವೃತ್ತಿನಾಟಕದ ಯಜಮಾನನಿಗೆ ಎಲ್ಲಿಂದ ಬರಬೇಕು?

ಹಾಡು ಹೋದ ಮೇಲೆ ಉಳಿಯುವುದೇನೆಂಬುದಕ್ಕೆ ಭರತನಲ್ಲಿಯೇ ಉತ್ತರವಿದೆ. ಅಭಿನಯವು ಆಂಗಿಕ, ವಾಚಿಕ, ಆಹಾರ್ಯ, ಸಾತ್ತ್ವಿಕವೆಂದು ನಾಲ್ಕು ವಿಧ. ಆಂಗಿಕವೆಂದರೆ ಅವಯವಗಳ ಚಲನೆ, ವಾಚಿಕವೆಂದರೆ ಮಾತು, ಆಹಾರ್ಯವೆಂದರೆ ವೇಷಭೂಷಣ, ಸಾತ್ತ್ವಿಕವೆಂದರೆ ಮನಸ್ಸಿನ ಏಕಾಗ್ರತೆಯಿಂದ ದೇಹದಲ್ಲಿ ತಾನಾಗಿ ತೋರುವ ವಿಕಾರ. ಸ್ತಂಭ, ಸ್ವೇದ, ರೋಮಾಂಚ, ಸ್ವರಭಂಗ, ಕಂಪ, ವೈವರ್ಣ್ಯ, ಅಶ್ರು, ಪ್ರಲಯ ಎಂದು ಇದು ಎಂಟು ಬಗೆ. ಸಾಮಾನ್ಯಾಭಿನಯವನ್ನು ಹೇಳುವ ಅಧ್ಯಾಯದಲ್ಲಿ ಭರತನು ಸತ್ತ್ವವು ಮಿಗಿಲಾಗಿರುವ ಅಭಿನಯವೇ ಜ್ಯೇಷ್ಠವೆಂದೂ, ಸತ್ತ್ವವು ಸಮನಾಗಿರುವುದು ಮಧ್ಯಮವೆಂದೂ, ಸತ್ತ್ವಹೀನವಾದುದು ಅಧಮವೆಂದೂ ತಾರತಮ್ಯವನ್ನು ಹೇಳಿರುವನು. ಪ್ರತಿನಾಯಕನಿಗೆ ಆಹಾರ್ಯವೂ ಆಂಗಿಕವೂ ಹೇರಳ: ಕೆಂಪು ಬಣ್ಣ, ಮೀಸೆ, ಗದೆ, ಅಟ್ಟಹಾಸ. ಇವುಗಳಿಂದಲೇ ಪಾತ್ರವು ಮುಗಿಯಿತೆಂದು ತಿಳಿದ ನಟರು ಎಲ್ಲ ಕಾಲದಲ್ಲಿಯೂ ಇದ್ದಾರೆ. ಹಿರಣ್ಯಕಶಿಪುವು ಮಗನನ್ನು ಕೊಲ್ಲಲೆಳಸಿದ ರಾಕ್ಷಸನಷ್ಟೇ ಆದರೆ ಅಟ್ಟಹಾಸವು ಸಾಕು. ಅವನು ಮಗನನ್ನು ಪ್ರೀತಿಸಿದ ತಂದೆಯೂ ಆಗಿದ್ದು, ತನ್ನ ಪ್ರೀತಿಯೇ ತನ್ನ ಹಟಕ್ಕೆ ಇದಿರಾಗಿ ನಿಂತುದನ್ನು ಕಂಡವನಾದರೆ, ಸ್ವರಭಂಗವೂ ಕಂಪವೂ ಬೇಕಾಗುವುವು. ಷೈಲಾಕನೂ ಹಾಗೆಯೇ. ಸಾಲದ ಪತ್ರವನ್ನು ಹಿಡಿದು ಮಾಂಸವನ್ನು ಕೇಳುವ ಜಿಪುಣನೆಂದು ನೋಡಿದರೆ ನಗೆ ಬರುವುದು. ಜನ್ಮವಿಡೀ ಅವಮಾನವನ್ನುಂಡು ಮಗಳನ್ನೂ ಕಳೆದುಕೊಂಡವನೆಂದು ನೋಡಿದರೆ ಗಂಟಲು ಕಟ್ಟುವುದು. ಸಾಲದ ಪತ್ರಗಳ ನಡುವೆಯೂ ಸಾಕ್ಷಿಗಳ ನಡುವೆಯೂ ದಿನಗಳೆದ ವಕೀಲನಿಗೆ ಆ ನ್ಯಾಯಸ್ಥಾನದ ದೃಶ್ಯವು ಹೊಸದಾಗಿರಲಾರದು. ಇದು ನನ್ನ ಊಹೆ. ಒಪ್ಪುವುದೂ ಬಿಡುವುದೂ ವಾಚಕರಿಗೆ ಸೇರಿದುದು.

ಇಲ್ಲಿ ‘ಪಾತ್ರ’ವೆಂಬ ಶಬ್ದದ ವಿಚಾರವೊಂದು. ನಟನು ಧರಿಸುವ ವ್ಯಕ್ತಿತ್ವವನ್ನು ನಾವು ಕನ್ನಡದಲ್ಲಿ ಪಾತ್ರವೆನ್ನುತ್ತೇವೆ. ಅಭಿನವಗುಪ್ತನು ಈ ಹೆಸರು ನಟನಿಗೇ ಒಪ್ಪುವುದೆಂದು ಹೇಳಿ ಕಾರಣವನ್ನು ವಿವರಿಸಿರುವನು: ಪಾನೀಯದ ರುಚಿಯನ್ನು ಬಟ್ಟಲು ಸವಿಯುವುದಿಲ್ಲ, ಕುಡಿಯುವವನು ಸವಿಯುವನು; ರಸವನ್ನು ನಟನು ಆಸ್ವಾದಿಸುವುದಿಲ್ಲ, ಸಹೃದಯನು ಆಸ್ವಾದಿಸುವನು; ನಟನು ಬರಿಯ ಪಾತ್ರೆ. ಹಾಗಿದ್ದರೆ ಸಾತ್ತ್ವಿಕ ಭಾವವು ನಟನ ಮನಸ್ಸಿನಲ್ಲಿ ಹುಟ್ಟದೆ ದೇಹದಲ್ಲಿ ಹೇಗೆ ತೋರೀತೆಂಬ ಶಂಕೆಯು ಹಳೆಯದು. ಅದಕ್ಕೆ ಇಲ್ಲಿ ಕೈಹಾಕುವುದಿಲ್ಲ. ಬಟ್ಟಲು ಸೋರಬಾರದು, ಒಡೆದಿರಬಾರದು, ಹಿಂದಿನ ದಿನದ ರುಚಿಯನ್ನು ಉಳಿಸಿಕೊಂಡಿರಬಾರದು. ನಾಲ್ಕು ಭಾಷೆಗಳಲ್ಲಿ ನಟಿಸಿದ ಒಬ್ಬನು ಪ್ರತಿಯೊಂದರಲ್ಲಿಯೂ ಆಯಾ ಭಾಷೆಯ ಉಸಿರನ್ನು ಹಿಡಿಯಬೇಕಾದರೆ ಇಂತಹ ಶುದ್ಧಿಯೇ ಬೇಕು.

ಸ್ತ್ರೀಪಾತ್ರಗಳ ವಿಷಯವನ್ನು ಚಿಕ್ಕದಾಗಿ ಹೇಳುತ್ತೇನೆ. ಪುರುಷರು ಸ್ತ್ರೀವೇಷವನ್ನು ಧರಿಸುವುದೇ ಅಂದಿನ ನಡವಳಿಕೆ. ಅದರಲ್ಲಿ ಸ್ಥಾನಂ ನರಸಿಂಹರಾಯರಂತಹ ಅಸಾಮಾನ್ಯರೂ ಇದ್ದರು. ಸ್ತ್ರೀಪಾತ್ರವನ್ನು ಸ್ತ್ರೀಯರೇ ಧರಿಸಬೇಕೆಂದು ರಾಘವಾಚಾರ್ಯರು ಪಟ್ಟುಹಿಡಿದು, ಕೊಮ್ಮೂರಿ ಪದ್ಮಾವತೀದೇವಿಯೇ ಮೊದಲಾದ ಗೃಹಸ್ಥ ಕುಟುಂಬದ ಸ್ತ್ರೀಯರನ್ನು ರಂಗಕ್ಕೆ ತಂದರು. ಕೆಲವರು ಇದನ್ನು ಪಾಶ್ಚಾತ್ಯರ ಅನುಕರಣವೆಂದು ದೂರಿದರೆ ಆ ದೂರಿಗೆ ಆಧಾರವಿಲ್ಲ. ಸ್ತ್ರೀಯು ಸ್ತ್ರೀಯನ್ನೂ ಪುರುಷನು ಪುರುಷನನ್ನೂ ಅಭಿನಯಿಸುವುದಕ್ಕೆ ಭರತನು ಅನುರೂಪವೆಂಬ ಹೆಸರನ್ನು ಕೊಟ್ಟು ಅದನ್ನೇ ಮೊದಲು ಎಣಿಸಿರುವನು. ಪಿ. ವಿ. ರಾಜಮನ್ನಾರರು ರಚಿಸಿದ ‘ತಪ್ಪೆವರಿದಿ’ ಎಂಬ ಸಾಮಾಜಿಕ ನಾಟಕವನ್ನು ಅವರು ಆಡಿದುದೂ ಈ ದಾರಿಯಲ್ಲಿಯೇ. ‘ತಪ್ಪು ಯಾರದು’ ಎಂಬುದು ಆ ಹೆಸರಿನ ಅರ್ಥ. ಪುರಾಣದ ಪ್ರತಿನಾಯಕನನ್ನು ಅಭಿನಯಿಸುತ್ತ ಬಂದ ನಟನು ಕೇಳಬೇಕಾದ ಪ್ರಶ್ನೆಯೂ ಅದೇ ಆಗಿದೆ. ರಾಜಮನ್ನಾರರು 1948ರಲ್ಲಿ ಮದರಾಸಿನ ಮುಖ್ಯ ನ್ಯಾಯಾಧೀಶರಾದರು. 1953ರಲ್ಲಿ ಸ್ಥಾಪಿತವಾದ ಸಂಗೀತ ನಾಟಕ ಅಕಾಡೆಮಿಗೆ ಮೊದಲನೆಯ ಅಧ್ಯಕ್ಷರೂ ಆದರು.

ಇನ್ನು ಚಲನಚಿತ್ರದ ವಿಷಯ. ಮಾತನಾಡುವ ಚಿತ್ರಗಳು ದಕ್ಷಿಣ ದೇಶಕ್ಕೆ ಬಂದಾಗ ರಾಘವಾಚಾರ್ಯರಿಗೆ ಐವತ್ತು ವರ್ಷ ಮೀರಿತ್ತು. ಕನ್ನಡದ ಮೊದಲನೆಯ ವಾಕ್ಚಿತ್ರ ‘ಸತಿ ಸುಲೋಚನಾ’ 1934ರಲ್ಲಿ ತೆರೆಕಂಡಿತು. ಅದರಲ್ಲಿ ರಾವಣನಾದವರು ಆರ್. ನಾಗೇಂದ್ರರಾಯರು, ಅವರೂ ರಂಗಭೂಮಿಯಿಂದ ಬಂದವರು. ರಾಘವಾಚಾರ್ಯರು ನಟಿಸಿದ ಚಿತ್ರಗಳು ಮೂರು, ಮೂರೂ ತೆಲುಗಿನವು: ‘ದ್ರೌಪದೀ ಮಾನಸಂರಕ್ಷಣಂ’ (1936), ‘ರೈತುಬಿಡ್ಡ’ (1939), ‘ಚಂಡಿಕ’ (1940). ಮೊದಲನೆಯದರಲ್ಲಿ ಅವರು ದುರ್ಯೋಧನರು. ಅದೇ ವರ್ಷ ಅದೇ ಕಥೆಯನ್ನು ಹೇಳುವ ‘ದ್ರೌಪದೀ ವಸ್ತ್ರಾಪಹರಣಂ’ ಎಂಬ ಇನ್ನೊಂದು ಚಿತ್ರವೂ ತೆರೆಗೆ ಬಂದು, ಪೈಪೋಟಿಯಲ್ಲಿ ಅದೇ ಗೆದ್ದಿತು. ರಂಗದ ಮೇಲೆ ಪ್ರಖ್ಯಾತನಾದ ದುರ್ಯೋಧನನು ತೆರೆಯ ಮೇಲೆ ಸೋತನೆಂದು ಇದನ್ನು ಹೇಳುವರು. ಚಿತ್ರದ ಸೋಲಿಗೆ ನಟನೊಬ್ಬನೇ ಹೊಣೆಯಾಗಲಾರನು. ಸೋಲನ್ನು ಒಪ್ಪಿಕೊಂಡು ಎರಡನೆಯ ಚಿತ್ರಕ್ಕೆ ಹೋಗುವುದು ಹೆಚ್ಚು ಫಲಕಾರಿ.

‘ರೈತುಬಿಡ್ಡ’ವನ್ನು ನಿರ್ದೇಶಿಸಿದವರು ಗೂಡವಲ್ಲಿ ರಾಮಬ್ರಹ್ಮಂ. ಹಿಂದಿನ ವರ್ಷ ‘ಮಾಲಪಿಲ್ಲ’ದಲ್ಲಿ ಅಸ್ಪೃಶ್ಯತೆಯ ಪ್ರಶ್ನೆಯನ್ನು ಎತ್ತಿದ್ದ ಅವರು ಇದರಲ್ಲಿ ಜಮೀನ್ದಾರಿಯ ಪ್ರಶ್ನೆಯನ್ನು ಎತ್ತಿದರು. ರಾಘವಾಚಾರ್ಯರದು ನರಸಿರೆಡ್ಡಿಯೆಂಬ ರೈತನ ಪಾತ್ರ. ಸಾಹುಕಾರನೂ ಜಮೀನ್ದಾರನೂ ಸೂಚಿಸಿದ ಅಭ್ಯರ್ಥಿಗೆ ಮತ ಕೊಡಲೊಪ್ಪದೆ ರೈತರ ಪಕ್ಷಕ್ಕೆ ಮತ ಕೊಡುವೆನೆಂದು ನಿಂತು ಕಷ್ಟಕ್ಕೀಡಾಗುವವನು ಅವನು. ಚಿತ್ರಕ್ಕೆ ಹಣವೊದಗಿಸಿದವರು ಚಲ್ಲಪಲ್ಲಿಯ ಜಮೀನ್ದಾರರೇ ಆಗಿದ್ದುದು ಒಂದು ವಿಚಿತ್ರ. ಇತರ ಜಮೀನ್ದಾರರು ಕೋಪಗೊಂಡುದರಿಂದ ಕೆಲವೆಡೆ ಚಿತ್ರಕ್ಕೆ ನಿಷೇಧವೂ ಒದಗಿತು. ರಾವ್ ಬಹಾದೂರ್ ಬಿರುದಿನ ಅರುವತ್ತರ ಅಂಚಿನ ವಕೀಲರು, ಕಿರೀಟವನ್ನೂ ಗದೆಯನ್ನೂ ಕೆಳಗಿಟ್ಟು, ಸಾಲಗಾರ ರೈತನಾಗಿ ನಿಂತರು. ಇಲ್ಲಿ ಆಹಾರ್ಯವೆಂಬುದು ಒಂದು ಪಂಚೆ, ಒಂದು ರುಮಾಲು. ನಾಯಕನೂ ಅಲ್ಲದ ಪ್ರತಿನಾಯಕನೂ ಅಲ್ಲದ ಇಂತಹ ಪಾತ್ರಕ್ಕೆ ನಮ್ಮ ಶಾಸ್ತ್ರದಲ್ಲಿ ಸರಿಯಾದ ಹೆಸರಿಲ್ಲ. ಚಲನಚಿತ್ರದವರು ಈಗ ಪೋಷಕ ಪಾತ್ರವೆನ್ನುವರು. ಕಥೆಯನ್ನು ಪೋಷಿಸುವುದು ಎಂಬರ್ಥದಲ್ಲಿ ಒಳ್ಳೆಯ ಶಬ್ದವೇ. ಮುಂದೆ ಕನ್ನಡ ಚಿತ್ರಗಳಲ್ಲಿ ಕೆ. ಎಸ್. ಅಶ್ವಥ್ (1925-2010) ಅವರಂತಹ ನಟರು ತಂದೆಯ, ಉಪಾಧ್ಯಾಯನ, ಬಡವನ ಪಾತ್ರಗಳಲ್ಲಿ ಯಾವ ಗೌರವವನ್ನು ಸಂಪಾದಿಸಿದರೋ ಅದಕ್ಕೆ ದಾರಿಯು 1939ರಷ್ಟು ಹಿಂದೆಯೇ ಕಾಣುತ್ತಿದೆ.

ಭರತನು ಎರಡನೆಯ ಅಧ್ಯಾಯದಲ್ಲಿ ನಾಟ್ಯಮಂಟಪದ ಅಳತೆಯನ್ನು ಹೇಳುತ್ತ, ಅರುವತ್ತನಾಲ್ಕು ಹಸ್ತ ಉದ್ದ, ಮೂವತ್ತೆರಡು ಹಸ್ತ ಅಗಲಕ್ಕಿಂತ ಹಿರಿದಾಗಬಾರದೆಂದು ಎಚ್ಚರಿಸಿರುವನು. ಮಂಟಪವು ದೊಡ್ಡದಾದರೆ ಮಾತು ಸ್ಪಷ್ಟವಾಗಿ ಕೇಳದು, ಮುಖದಲ್ಲಿ ದೃಷ್ಟಿಯಿಂದ ತೋರುವ ಭಾವವು ಕಾಣದು ಎಂಬುದು ಅವನು ಕೊಡುವ ಕಾರಣ. ವೃತ್ತಿನಾಟಕದ ಡೇರೆಗಳಲ್ಲಿ, ಧ್ವನಿವರ್ಧಕವಿಲ್ಲದ ಕಾಲದಲ್ಲಿ, ಈ ಎರಡು ಕೇಡುಗಳೂ ಇದ್ದುವು. ಹಾಡಿನ ಎತ್ತರದ ಸ್ವರವು ಬೆಳೆದುದಕ್ಕೆ ಇದೂ ಒಂದು ಕಾರಣವಾಗಿರಬೇಕು. ಮಾತು ಕೊನೆಯ ಸಾಲಿಗೆ ಮುಟ್ಟದು, ಹಾಡು ಮುಟ್ಟುವುದು. ಯಂತ್ರದ ಕಣ್ಣು ನಟನ ಮುಖವನ್ನು ಮೊಳದ ದೂರದಿಂದ ಹಿಡಿದು ಸಾವಿರ ಜನರಿಗೆ ತೋರಿಸುತ್ತದೆ. ಧ್ವನಿಗ್ರಾಹಕವು ಪಿಸುಮಾತನ್ನೂ ಹಿಡಿಯುತ್ತದೆ. ಎಂದರೆ ಭರತನು ಬಯಸಿದ ಸಾಮೀಪ್ಯವು ಯಂತ್ರದಿಂದ ಲಭ್ಯವಾಯಿತು. ಸಾತ್ತ್ವಿಕವನ್ನು ಅಭ್ಯಾಸಮಾಡಿದ್ದವನಿಗೆ ಇದು ಹೇಳಿಮಾಡಿಸಿದ ಸ್ಥಳವಾಗಬ��ಕಿತ್ತು. ಆದರೆ ಅಂದಿನ ವಾಕ್ಚಿತ್ರಗಳು ನಾಟಕದ ಡೇರೆಯನ್ನೇ ಹಾಡುಗಳ ಸಮೇತ ತೆರೆಯ ಮೇಲಕ್ಕೆ ಎತ್ತಿಟ್ಟಿದ್ದುವು. ರಾಘವಾಚಾರ್ಯರು ರಂಗಭೂಮಿಯಲ್ಲಿ ಯಾವುದನ್ನು ಬಿಟ್ಟುಬಂದಿದ್ದರೋ ಅದೇ ಚಲನಚಿತ್ರದ ಬಾಗಿಲಲ್ಲಿ ಮತ್ತೆ ಇದಿರಾಯಿತು. ಅವರಿಗೆ ತಕ್ಕ ಕಲೆಯು ಅವರ ಆಯುಸ್ಸಿಗಿಂತ ಹತ್ತಿಪ್ಪತ್ತು ವರ್ಷ ತಡವಾಗಿ ಪಕ್ವವಾಯಿತೆಂದು ನನಗೆ ತೋರುತ್ತದೆ. ಅವರು 1946ನೆಯ ಏಪ್ರಿಲ್ 16ರಂದು ತೀರಿಕೊಂಡರು. ಅದೇ ವರ್ಷದ ಜನವರಿಯಲ್ಲಿ ಶ್ರೀಯವರೂ, ನವೆಂಬರಿನಲ್ಲಿ ಕೈಲಾಸಂ ಅವರೂ ಗತಿಸಿದರು. ರಾಮಬ್ರಹ್ಮಂ ಅವರು ತೀರಿಕೊಂಡುದೂ ಅದೇ ವರ್ಷವೇ.

ಅವರು ಯಾವ ಭಾಷೆಗೆ ಸೇರಿದವರೆಂಬ ವಿವಾದಕ್ಕೆ ನಾನು ಬೆಲೆಗೊಡುವವನಲ್ಲ. ಆದರೂ ಅದು ಯಾಕೆ ಹುಟ್ಟಿತೆಂಬುದನ್ನು ಹೇಳಬೇಕು. 1953ನೆಯ ಅಕ್ಟೋಬರ್ 1ರಂದು ಆಂಧ್ರ ರಾಜ್ಯವು ಹುಟ್ಟಿದಾಗ ಹಳೆಯ ಬಳ್ಳಾರಿ ಜಿಲ್ಲೆಯು ಒಡೆಯಿತು. ಆದವಾನಿ, ಆಲೂರು, ರಾಯದುರ್ಗಗಳು ಆ ಕಡೆಗೆ ಹೋದುವು. ಸಿರುಗುಪ್ಪವೇ ಮೊದಲಾದ ತಾಲ್ಲೂಕುಗಳು ಮೈಸೂರಿಗೆ ಬಂದುವು. ಬಳ್ಳಾರಿ ತಾಲ್ಲೂಕಿನ ವಿಷಯದಲ್ಲಿ ಮಾತ್ರ ಜಗಳವು ಮುಗಿಯದೆ, ನ್ಯಾಯಮೂರ್ತಿ ಎಲ್. ಎಸ್. ಮಿಶ್ರರ ವಿಚಾರಣೆಯ ಮೇಲೆ ಅದೂ ಮೈಸೂರಿಗೆ ಸೇರಿತು. ಹೀಗೆ ತೆಲುಗು ನಾಟಕದ ತೊಟ್ಟಿಲು ಕನ್ನಡ ನಾಡಿನಲ್ಲಿ ಉಳಿಯಿತು. ತೆಲುಗಿನವರಿಗೆ ಊರು ದೂರವಾಯಿತು; ನಮಗೆ ಆ ಊರಿನ ನಾಟಕವು ಪರಭಾಷೆಯದೆನಿಸಿತು. 1981ರಲ್ಲಿ ಭಾರತ ಸರಕಾರದ ಅಂಚೆಯವರು ರಾಘವಾಚಾರ್ಯರ ಚಿತ್ರವುಳ್ಳ ಚೀಟಿಯನ್ನು ಹೊರಡಿಸಿದರು. ಬಳ್ಳಾರಿಯಲ್ಲಿ ಅವರ ಹೆಸರಿನ ಕಲಾಮಂದಿರವೂ ಇದೆ.

ಅವರ ಕಲೆಯು ಕನ್ನಡದಲ್ಲಿ ಮುಂದುವರಿದ ಒಂದು ಕವಲನ್ನು ಮಾತ್ರ ಹೆಸರಿಸಿ ಮುಗಿಸುತ್ತೇನೆ. ಬಳ್ಳಾರಿ ತಾಲ್ಲೂಕಿನ ಜೋಳದರಾಶಿಯ ದೊಡ್ಡನಗೌಡರು (1910-1994) ರಾಘವಾಚಾರ್ಯರ ಒಡನಾಟದಲ್ಲಿ ನಟರಾದವರು, ಕನ್ನಡ ನಾಟಕಗಳನ್ನು ಬರೆದವರು. ಅದಕ್ಕಿಂತ ಹೆಚ್ಚಾಗಿ ಗಮಕಿಗಳು. ಗಮಕಿಗೆ ವೇಷವಿಲ್ಲ, ಎದ್ದು ನಡೆಯುವುದಿಲ್ಲ. ಕುಮಾರವ್ಯಾಸನ ಭೀಮನಾಗಿಯೂ ಕೌರವನಾಗಿಯೂ ಅವನೊಬ್ಬನೇ ದನಿ ಬದಲಿಸಬೇಕು. ಆಹಾರ್ಯವೂ ಆಂಗಿಕವೂ ಕಳಚಿಹೋಗಿ ವಾಚಿಕ ಸಾತ್ತ್ವಿಕಗಳೆರಡೇ ಉಳಿದ ಅಭಿನಯವದು. ಇನ್ನೊಂದು ಕಡೆ, ಸಿರುಗುಪ್ಪ ಕುರುಗೋಡುಗಳ ಹಳ್ಳಿಗಳಲ್ಲಿ ಬಯಲಾಟದ ಕೌರವನು ಮೈತುಂಬ ಆಹಾರ್ಯವನ್ನು ಹೊತ್ತು, ಮದ್ದಳೆಯ ಪೆಟ್ಟಿಗೆ ಕುಣಿದು ಬಂದು, ಸಾರಥಿಯು ಕೇಳಿದ ಪ್ರಶ್ನೆಗೆ ತನ್ನ ಹಸ್ತಿನಾವತಿಯನ್ನೂ ತನ್ನ ಕುಲವನ್ನೂ ತಾನೇ ವರ್ಣಿಸಿಕೊಳ್ಳುವನು. ಅಲ್ಲಿಯೂ ಅವನನ್ನು ಯಾರೂ ಹೀನಾಯವಾಗಿ ಕಾಣುವುದಿಲ್ಲ; ನಮ್ಮ ಊರಿನಲ್ಲಿ ಕೌರವನ ವೇಷಕ್ಕೆ ನಡೆಯುತ್ತಿದ್ದ ಪೈಪೋಟಿಯು ಧರ್ಮರಾಯನ ವೇಷಕ್ಕೆ ನಡೆದುದನ್ನು ನಾನು ಕಂಡಿಲ್ಲ. ಈ ಆಟಗಳ ಮಾತುಗಳು ಆಟ ಕಲಿಸುವ ಗುರುಗಳ ಮನೆಗಳಲ್ಲಿ ಕೈಬರಹದ ಪುಸ್ತಕಗಳಾಗಿ ಉಳಿದಿವೆ. ಮಳೆಯಿಂದಲೂ ಗೆದ್ದಲಿನಿಂದಲೂ ವರ್ಷ ವರ್ಷವೂ ಒಂದಷ್ಟು ಹೋಗುತ್ತಿವೆ. ಅವುಗಳಲ್ಲಿ ಕೌರವನು ಆಡುವ ಮಾತುಗಳನ್ನು ಪ್ರತಿಮಾಡಿ, ರನ್ನನ ಕಾವ್ಯದೊಡನೆ ಹೋಲಿಸಿ ನೋಡುವ ಕೆಲಸವಾಗಬೇಕಾಗಿದೆ. ಬಳ್ಳಾರಿಯ ಹಳೆಯ ವಕೀಲರ ಮನೆಗಳಲ್ಲಿ ಸರಸವಿನೋದಿನೀ ಸುಮನೋರಮಾ ಸಭೆಗಳ ಕರಪತ್ರಗಳಾಗಲಿ ರಾಘವಾಚಾರ್ಯರು ಗುರುತುಹಾಕಿಕೊಂಡ ನಾಟಕದ ಪ್ರತಿಗಳಾಗಲಿ ಇದ್ದರೆ, ಅವುಗಳನ್ನು ಹೊಂದಿರುವ ಮಹನೀಯರು ಈ ಪತ್ರಿಕೆಯ ಸಂಪಾದಕರಿಗೆ ತಿಳಿಸಬೇಕೆಂದು ಪ್ರಾರ್ಥಿಸುತ್ತೇನೆ. ಪ್ರತಿಮಾಡಿಕೊಂಡು ಮೂಲವನ್ನು ಹಿಂದಿರುಗಿಸುವ ಹೊಣೆ ನನ್ನದು.